ರಕ್ತದ ನೆನಪು: ಒಬ್ಬ ಶಿಷ್ಯನಿಗೆ ಕೊಡಬೇಕಾಗಿದ್ದ ಉತ್ತರ



ಶ್ರೀರಂಗಪಟ್ಟಣದ ಕೋಟೆಯ ಕಥೆಯನ್ನೋ, ಹಿರೋಡೆಯ ಹಳೆಯ ದಿನಗಳನ್ನೋ ನಿರೀಕ್ಷಿಸಿ ಈ ಪುಟಕ್ಕೆ ಬರುವವರಿಗೆ ಅವೆರಡೂ ಈ ಬರಹದಲ್ಲಿ ಅಲ್ಪಸ್ವಲ್ಪ ದೊರೆಯುತ್ತವೆ. ಆದರೆ ಇಂದು ನಾನು ಬರೆಯಹೊರಟಿರುವುದು ಒಂದು ಚಿಕಿತ್ಸೆಯ ಚರಿತ್ರೆಯನ್ನು. ಒಬ್ಬನ ರಕ್ತದಲ್ಲಿರುವ ರೋಗನಿರೋಧಕ ಶಕ್ತಿಯನ್ನು ಎರವಲು ಪಡೆದು ಇನ್ನೊಬ್ಬನ ಶ್ವಾಸಕೋಶದ ಸೋಂಕನ್ನು ಗುಣಪಡಿಸಬಹುದೇ ಎಂಬ ಪ್ರಶ್ನೆಯ ಚರಿತ್ರೆ ಅದು. ಈ ಪ್ರಶ್ನೆಯನ್ನು ನನಗೆ ಹಾಕಿದವನು ಯಾವ ವಿಜ್ಞಾನಿಯೂ ಅಲ್ಲ, ಕೃಷ್ಣರಾಜಪೇಟೆ ತಾಲ್ಲೂಕಿನ ನನ್ನ ಒಬ್ಬ ಹಳೆಯ ಶಿಷ್ಯ. ಅವನಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ.

ನಡೆದದ್ದು ಇಷ್ಟು. ನಮ್ಮ ಜಿಲ್ಲೆಯ ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಮುಂಬಯಿಗೆ ದುಡಿಯಲು ಹೋದ ಕುಟುಂಬಗಳು ಎಷ್ಟೆಂಬುದು ನಿಮಗೆಲ್ಲ ತಿಳಿದದ್ದೇ. 2020ರ ಮೇ ತಿಂಗಳಿನಲ್ಲಿ ಅವರೆಲ್ಲ ಊರಿಗೆ ಮರಳತೊಡಗಿದಾಗ ಮಂಡ್ಯ ಜಿಲ್ಲೆಯ ಕೊರೋನಾ ಸೋಂಕಿತರಲ್ಲಿ ಮುಂಬಯಿಯಿಂದ ಬಂದವರೇ ಹೆಚ್ಚಾಗಿದ್ದರು. ನನ್ನ ಶಿಷ್ಯನೂ ಹೆಂಡತಿ ಮಕ್ಕಳೊಡನೆ ಹಾಗೆ ಬಂದವನು. ಹಾಸ್ಟೆಲೊಂದರಲ್ಲಿ ಕ್ವಾರಂಟೈನ್ ಆಗಿದ್ದಾಗ ಸೋಂಕು ಪತ್ತೆಯಾಯಿತು, ಗುಣವೂ ಆಯಿತು. ಆದರೆ ಊರಿನಲ್ಲಿ ಬಹಳ ದಿನ ಯಾರೂ ಅವನನ್ನು ಜಗುಲಿಗೆ ಕರೆಯಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ನಾಗಮಂಗಲ ಕಡೆಯ ನನ್ನ ಅಕ್ಕನ ಮಗ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದ. ಪ್ಲಾಸ್ಮಾ ಹೊಂದಿಸಿಕೊಳ್ಳಿ ಎಂದು ಒಂದು ಚೀಟಿ ಮನೆಯವರ ಕೈಗೆ ಬಂತು. ರೋಗದಿಂದ ಗುಣವಾದವರ ರಕ್ತದಿಂದ ಕಣಗಳನ್ನು ತೆಗೆದು ಉಳಿಯುವ ಹಳದಿ ದ್ರವವೇ ಪ್ಲಾಸ್ಮಾ. ನಾನು ರಾತ್ರಿ ಹತ್ತು ಗಂಟೆಗೆ ಆ ಶಿಷ್ಯನಿಗೆ ಫೋನ್ ಮಾಡಿದೆ. ರಕ್ತದ ಗುಂಪು ಹೊಂದುತ್ತಿತ್ತು. "ಅದ್ಕೇನ್ ಮೇಷ್ಟ್ರೇ, ಬೆಳಿಗ್ಗೇನೇ ಬತ್ತೀನಿ ಬುಡಿ" ಎಂದ. ಯಾರದೋ ಬೈಕು ಕೇಳಿ ಪಡೆದು ಬಂದು, ಪ್ಲಾಸ್ಮಾ ಕೊಟ್ಟು, ಪೆಟ್ರೋಲಿನ ಹಣವನ್ನೂ ಮುಟ್ಟದೆ ಹೊರಟುಹೋದ.

ಆರನೆಯ ದಿನ ನನ್ನ ಅಳಿಯ ತೀರಿಕೊಂಡ. ವಿಷಯ ತಿಳಿದು ಶಿಷ್ಯ ಫೋನ್ ಮಾಡಿದಾಗ ಮೊದಲು ಹೇಳಿದ ಮಾತು ಇದು: "ನನ್ ರಕ್ತದಲ್ಲಿ ಕಸುವಿರ್ನಿಲ್ವೇನೋ ಮೇಷ್ಟ್ರೇ."

ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ನಾನು ಅವನಿಗೆ "ಎಲ್ಲ ಭಗವಂತನ ಇಚ್ಛೆ ಕಣಪ್ಪಾ" ಎಂದೆ. ಅದು ಸಮಾಧಾನದ ಮಾತಾಯಿತೇ ಹೊರತು ಉತ್ತರವಾಗಲಿಲ್ಲ. ಕಳೆದ ತಿಂಗಳು ಒಂದು ಮದುವೆಯಲ್ಲಿ ಅವನನ್ನು ಕಂಡಾಗ ಆ ಮಾತು ಅವನ ಮನಸ್ಸಿನಲ್ಲಿ ಇನ್ನೂ ಇದೆಯೆಂದು ತಿಳಿಯಿತು. ಆದುದರಿಂದ ಈ ಬರಹ.

ರೋಗವನ್ನು ಗೆದ್ದವನ ದೇಹದಲ್ಲಿ ಏನೋ ಒಂದು ಉಳಿಯುತ್ತದೆ ಎಂಬುದು ಬಹಳ ಹಳೆಯ ತಿಳಿವಳಿಕೆ. ಪಾಂಡವಪುರವು ಫ್ರೆಂಚ್ ರಾಕ್ಸ್ ಎಂಬ ಹೆಸರಿನಲ್ಲಿದ್ದ ಕಾಲದಲ್ಲಿ ಅದರ ಪಕ್ಕದ ಹಳ್ಳಿಯೊಂದರಲ್ಲಿ ನಮ್ಮ ಅಜ್ಜಿ ಬೆಳೆದರು. 1918ರಲ್ಲಿ ಅವರಿಗೆ ಹನ್ನೆರಡು ವರ್ಷ. ಮಹಾಯುದ್ಧದ ಕೊನೆಯ ಆ ವರ್ಷ ಮುಂಬಯಿ ಬಂದರಿನ ಮೂಲಕ ಇನ್‌ಫ್ಲುಯೆಂಜಾ ನಮ್ಮ ದೇಶವನ್ನು ಹೊಕ್ಕಿತು. ಮುಂಗಾರು ಕೈಕೊಟ್ಟಿದ್ದ ಆ ವರ್ಷದ ಸೆಪ್ಟೆಂಬರ್ ಬಳಿಕ ಬಂದ ಎರಡನೆಯ ಅಲೆ ಅತ್ಯಂತ ಘೋರವಾಗಿತ್ತು. ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. 1911ರಿಂದ 1921ರವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆ ಏರುವ ಬದಲು ಇಳಿಯಿತೆಂಬುದು ಜನಗಣತಿಯಲ್ಲೇ ದಾಖಲಾಗಿದೆ. ಅಜ್ಜಿ ಹೇಳುತ್ತಿದ್ದ ಒಂದು ಮಾತು ನನಗೆ ನೆನಪಿದೆ. ಊರಿನಲ್ಲಿ ಹೆಣ ಹೊರಲು ಜ್ವರ ಬಂದು ಎದ್ದವರನ್ನೇ ಕರೆಯುತ್ತಿದ್ದರಂತೆ. "ಒಂದ್ಸಲ ಬಂದೋರ್ಗೆ ತಿರ್ಗಾ ಬರಾಕಿಲ್ಲ ಕಣ್ ಮಗ" ಎನ್ನುತ್ತಿದ್ದರು. ಅಕ್ಷರ ಕಲಿಯದ ಆ ಹಳ್ಳಿಗರು ಕಂಡುಕೊಂಡಿದ್ದ ಈ ಸತ್ಯವನ್ನೇ ವಿಜ್ಞಾನವು ರೋಗನಿರೋಧಕ ಸ್ಮೃತಿ ಎಂದು ಕರೆಯುತ್ತದೆ.

ಈ ಸ್ಮೃತಿ ದೇಹದಲ್ಲಿ ಎಲ್ಲಿರುತ್ತದೆ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದರ ಬಗ್ಗೆ ದೊಡ್ಡ ವಾದವೇ ನಡೆಯಿತು. ರಷ್ಯಾದ ಎಲೀ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಯೊಳಕ್ಕೆ ಮುಳ್ಳು ಚುಚ್ಚಿ, ಚಲಿಸುವ ಕೋಶಗಳು ಅದನ್ನು ಮುತ್ತಿಕೊಳ್ಳುವುದನ್ನು ಕಂಡನು. ರೋಗಾಣುಗಳನ್ನು ನುಂಗುವ ಕೋಶಗಳೇ ದೇಹದ ರಕ್ಷಕರೆಂದು ಸಾರಿದನು. ಜರ್ಮನಿಯಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬುವರು 1890ರಲ್ಲಿ ಬೇರೆಯದನ್ನೇ ತೋರಿಸಿದರು. ಧನುರ್ವಾಯು ಮತ್ತು ಡಿಫ್ತೀರಿಯಾ ರೋಗಗಳಿಗೆ ನಿರೋಧ ಪಡೆದ ಪ್ರಾಣಿಯ ರಕ್ತದಿಂದ ಕಣಗಳನ್ನೆಲ್ಲ ತೆಗೆದು, ಉಳಿದ ಸೀರಮ್ ಅನ್ನಷ್ಟೇ ಬೇರೊಂದು ಪ್ರಾಣಿಗೆ ಚುಚ್ಚಿದರೂ ರಕ್ಷಣೆ ದೊರೆಯುತ್ತಿತ್ತು. ಹಾಗಾದರೆ ಶಕ್ತಿ ಇರುವುದು ಕೋಶದಲ್ಲೋ, ದ್ರವದಲ್ಲೋ? 1908ರ ನೊಬೆಲ್ ಬಹುಮಾನವನ್ನು ಕೋಶಪಕ್ಷದ ಮೆಚ್ನಿಕಾಫ್‌ಗೂ ದ್ರವಪಕ್ಷದ ಪಾಲ್ ಎರ್ಲಿಕ್‌ಗೂ ಹಂಚಲಾಯಿತು. ಆದರೆ ಆಸ್ಪತ್ರೆಗಳಲ್ಲಿ ಗೆದ್ದದ್ದು ದ್ರವವೇ. ಅದನ್ನು ಶೀಶೆಯಲ್ಲಿ ತುಂಬಬಹುದಾಗಿತ್ತು, ಸೂಜಿಯಲ್ಲಿ ಕೊಡಬಹುದಾಗಿತ್ತು.

ಹಾಗಾಗಿ 1918ರ ಇನ್‌ಫ್ಲುಯೆಂಜಾ ಬಂದಾಗ ಅಮೆರಿಕ ಮತ್ತು ಯೂರೋಪಿನ ಕೆಲವು ವೈದ್ಯರು ಗುಣವಾದವರ ರಕ್ತವನ್ನೋ, ಸೀರಮ್ ಅನ್ನೋ ನ್ಯುಮೋನಿಯಾ ಪೀಡಿತರಿಗೆ ಕೊಟ್ಟುನೋಡಿದರು. ಆ ಕಾಲದ ಎಂಟು ವರದಿಗಳನ್ನು, ಒಟ್ಟು 1,703 ರೋಗಿಗಳ ವಿವರಗಳನ್ನು 2006ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸೀರಮ್ ಪಡೆದವರಲ್ಲಿ ಸತ್ತವರು ನೂರಕ್ಕೆ 16, ಪಡೆಯದವರಲ್ಲಿ 37 ಎಂದು ಕಂಡುಬಂತು. ಮೇಲ್ನೋಟಕ್ಕೆ ಇದು ದೊಡ್ಡ ವ್ಯತ್ಯಾಸವೇ. ಆದರೆ ಅಂದು ಯಾರಿಗೆ ಸೀರಮ್ ಕೊಡಬೇಕು, ಯಾರಿಗೆ ಬೇಡ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಬದುಕುವ ಲಕ್ಷಣವಿದ್ದವರಿಗೇ ಅದು ಹೆಚ್ಚಾಗಿ ದೊರೆತಿದ್ದಿರಲೂಬಹುದು. ಹೋಲಿಕೆಯ ತಕ್ಕಡಿಯೇ ಸಮವಾಗಿರಲಿಲ್ಲ.

ಕೋಶಪಕ್ಷಕ್ಕೆ ಮತ್ತೆ ಜೀವ ಬಂದದ್ದು 1942ರಲ್ಲಿ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಮೆರಿಲ್ ಚೇಸ್ ಅವರು ಗಿನಿಪಿಗ್‌ಗಳಲ್ಲಿ ಚರ್ಮದ ಒಂದು ಬಗೆಯ ಪ್ರತಿಕ್ರಿಯೆಯನ್ನು ಸೀರಮ್‌ನಿಂದ ದಾಟಿಸಲಾಗದು, ಜೀವಂತ ಕೋಶಗಳಿಂದ ಮಾತ್ರ ದಾಟಿಸಬಹುದೆಂದು ತೋರಿಸಿದರು. 1961ರಲ್ಲಿ ಜಾಕ್ ಮಿಲ್ಲರ್ ಎದೆಯೊಳಗಿನ ಥೈಮಸ್ ಗ್ರಂಥಿಯ ಕೆಲಸವನ್ನು ಪತ್ತೆಮಾಡಿದರು. ಅಲ್ಲಿ ಪಳಗುವ ಬಿಳಿ ರಕ್ತಕಣಗಳಿಗೆ ಟಿ ಕೋಶಗಳೆಂದೂ, ಪ್ರತಿಕಾಯಗಳನ್ನು ತಯಾರಿಸುವ ವಂಶದವುಗಳಿಗೆ ಬಿ ಕೋಶಗಳೆಂದೂ ಹೆಸರಾಯಿತು.

ಈ ಎರಡರ ಕೆಲಸ ಬೇರೆ ಬೇರೆ. ಶ್ರೀರಂಗಪಟ್ಟಣದ ಮಕ್ಕಳಿಗೆ ನಾನು ಇದನ್ನು ಕೋಟೆಯ ದೃಷ್ಟಾಂತದಿಂದ ಹೇಳಬಹುದಾಗಿತ್ತು. ಪ್ರತಿಕಾಯಗಳು ಕೋಟೆಯ ಹೊರಗೆ, ಕಂದಕದ ಬಳಿ ಶತ್ರುವನ್ನು ತಡೆಯುವ ಪಡೆ. ವೈರಸ್ಸು ಕೋಶದೊಳಗೆ ನುಗ್ಗುವ ಮುನ್ನ ಅವು ಅದನ್ನು ಹಿಡಿಯಬಲ್ಲವು. 1799ರ ಮೇ 4ರಂದು ನಮ್ಮ ಕೋಟೆಯ ಗೋಡೆ ಬಿರುಕುಬಿಟ್ಟು ಶತ್ರುಸೈನ್ಯ ಒಳಹೊಕ್ಕ ಮೇಲೆ ಕಂದಕದ ಕಾವಲಿನಿಂದ ಏನು ಪ್ರಯೋಜನ? ಆಗ ಮನೆ ಮನೆ ಹೊಕ್ಕು ಶತ್ರು ಅಡಗಿರುವ ಜಾಗವನ್ನು ಗುರುತಿಸುವವರು ಬೇಕು. ಟಿ ಕೋಶಗಳ ಕೆಲಸ ಅದೇ: ವೈರಸ್ಸು ಹೊಕ್ಕ ಕೋಶವನ್ನು ಗುರುತಿಸಿ ಕೊಲ್ಲುವುದು. ಆದರೆ ನನ್ನ ತರಗತಿಗಳಲ್ಲಿ "ಬಿಳಿ ರಕ್ತಕಣಗಳು ಸೈನಿಕರಿದ್ದಂತೆ, ಪ್ರತಿಕಾಯಗಳು ಅವರ ಆಯುಧಗಳು" ಎಂಬ ಎರಡು ವಾಕ್ಯಗಳಿಗೆ ಪಾಠ ಮುಗಿಯುತ್ತಿತ್ತು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು.

ಟಿ ಕೋಶಗಳಿಗೆ ಇನ್ನೊಂದು ನಿಯಮವಿದೆ. 1974ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಡೋಹರ್ಟಿ ಮತ್ತು ಜಿಂಕರ್‌ನಾಗೆಲ್ ಎಂಬ ಇಬ್ಬರು, ಇಲಿಗಳ ಟಿ ಕೋಶಗಳು ತಮ್ಮದೇ ಅಂಗಾಂಶಗುರುತುಳ್ಳ ಸೋಂಕಿತ ಕೋಶಗಳನ್ನು ಮಾತ್ರ ಕೊಲ್ಲುತ್ತವೆ, ಬೇರೆ ಗುರುತಿನವನ್ನು ಮುಟ್ಟುವುದಿಲ್ಲ ಎಂದು ಕಂಡರು. 1996ರಲ್ಲಿ ಇದಕ್ಕೆ ನೊಬೆಲ್ ಬಂತು. ರಕ್ತದ ಗುಂಪು ಹೊಂದುವುದು ಸುಲಭ. ಅಂಗಾಂಶಗುರುತು ಹೊಂದುವುದು ಒಡಹುಟ್ಟಿದವರಲ್ಲೂ ನಾಲ್ವರಲ್ಲಿ ಒಬ್ಬರಿಗೆ. ಕೋಶಗಳನ್ನು ಎರವಲು ಕೊಡುವುದು ಸೀರಮ್ ಕೊಟ್ಟಷ್ಟು ಸುಲಭವಲ್ಲ ಎಂಬುದಕ್ಕೆ ಇದೇ ಮುಖ್ಯ ಕಾರಣ.

ಇಷ್ಟಾದರೂ ಅದು ಸಾಧ್ಯವಾಯಿತು. ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆಯನ್ನು ಕಸಿ ಮಾಡಿಸಿಕೊಂಡವರಲ್ಲಿ ಹೊಸ ಮಜ್ಜೆ ಬಲಿಯುವವರೆಗೆ ರೋಗನಿರೋಧಕ ಶಕ್ತಿ ಇರುವುದಿಲ್ಲ. ಆ ಸಮಯದಲ್ಲಿ ಸೈಟೊಮೆಗಲೊ ಎಂಬ ವೈರಸ್ಸು ಶ್ವಾಸಕೋಶಕ್ಕೆ ಇಳಿದರೆ ಬದುಕುವುದೇ ಅಪರೂಪವಾಗಿತ್ತು. ಅಮೆರಿಕದ ಸಿಯಾಟಲ್ ನಗರದಲ್ಲಿ ಸ್ಟ್ಯಾನ್ಲಿ ರಿಡೆಲ್, ಫಿಲಿಪ್ ಗ್ರೀನ್‌ಬರ್ಗ್ ಮತ್ತು ಸಂಗಡಿಗರು ಮಜ್ಜೆ ಕೊಟ್ಟ ದಾನಿಯಿಂದಲೇ ಆ ವೈರಸ್ಸನ್ನು ಗುರುತಿಸಬಲ್ಲ ಟಿ ಕೋಶಗಳನ್ನು ಪಡೆದು, ಪ್ರಯೋಗಶಾಲೆಯಲ್ಲಿ ಬೆಳೆಸಿ, ರೋಗಿಗೆ ಹರಿಸಿದರು. 1992ರಲ್ಲಿ ಮೂವರ ವಿವರ ಪ್ರಕಟವಾಯಿತು; 1995ರಲ್ಲಿ ಹದಿನಾಲ್ವರದು. ಆ ಹದಿನಾಲ್ವರಲ್ಲಿ ಒಬ್ಬರಿಗೂ ಆ ವೈರಸ್ಸಿನ ರೋಗ ಬರಲಿಲ್ಲ. ರೋಗನಿರೋಧಕ ಕೋಶಗಳನ್ನೇ ಔಷಧವಾಗಿ ಬಳಸಿ ವೈರಸ್ಸನ್ನು ತಡೆಯಬಹುದೆಂಬುದಕ್ಕೆ ಇದು ಮೊದಲ ಗಟ್ಟಿ ಆಧಾರ. ಆದರೆ ಇಲ್ಲಿ ದಾನಿ ಹೊಂದಿಕೆಯಾದವನು, ಕೋಶ ಬೆಳೆಸಲು ವಾರಗಟ್ಟಲೆ ಸಮಯವಿತ್ತು, ಮತ್ತು ಕೋಶಗಳನ್ನು ಕೊಟ್ಟದ್ದು ರೋಗ ಬರುವ ಮುನ್ನ ಎಂಬುದನ್ನು ಮರೆಯಬಾರದು.

ಇನ್ನು 2020ಕ್ಕೆ ಬರೋಣ. ಆ ವರ್ಷದ ಮಾರ್ಚ್ ತಿಂಗಳಿನಲ್ಲೇ ಬೆಂಗಳೂರಿನ ಕ್ಯಾನ್ಸರ್ ತಜ್ಞ ಡಾ. ವಿಶಾಲ್ ರಾವ್ ಅವರು ಇಂಟರ್‌ಫೆರಾನ್ ಮೊದಲಾದ ಸೈಟೋಕೈನ್‌ಗಳಿಂದ, ಅಂದರೆ ರೋಗನಿರೋಧಕ ಕೋಶಗಳು ಪರಸ್ಪರ ಕಳುಹಿಸಿಕೊಳ್ಳುವ ಸಂದೇಶದ ವಸ್ತುಗಳಿಂದ, ರೋಗಿಯ ಕುಗ್ಗಿದ ನಿರೋಧಶಕ್ತಿಯನ್ನು ಎಚ್ಚರಿಸಬಹುದೆಂಬ ಆಲೋಚನೆಯನ್ನು ಮುಂದಿಟ್ಟರು. ಏಪ್ರಿಲ್ ಕೊನೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ಲಾಸ್ಮಾ ಚಿಕಿತ್ಸೆಯ ಪ್ರಯೋಗ ಆರಂಭವಾಯಿತು. ಜುಲೈನಲ್ಲಿ ಪ್ಲಾಸ್ಮಾ ಕೊಡುವವರಿಗೆ 5,000 ರೂಪಾಯಿ ಪ್ರೋತ್ಸಾಹಧನವನ್ನು ರಾಜ್ಯ ಸರ್ಕಾರ ಘೋಷಿಸಿತು. ಬೇರೆ ಔಷಧವಿಲ್ಲದ ಕಾಲದಲ್ಲಿ ನೂರು ವರ್ಷದ ಹಳೆಯ ಆಸೆಗೆ ಮರಳಿದ್ದು ತಪ್ಪೆಂದು ನಾನು ಹೇಳಲಾರೆ.

ನಮ್ಮ ದೇಶ ಆ ಆಸೆಯನ್ನು ಒರೆಗೆ ಹಚ್ಚಿಯೂ ನೋಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಏಪ್ರಿಲ್‌ನಿಂದ ಜುಲೈವರೆಗೆ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. 235 ಮಂದಿಗೆ ಪ್ಲಾಸ್ಮಾ ಸಹಿತ ಚಿಕಿತ್ಸೆ, 229 ಮಂದಿಗೆ ಪ್ಲಾಸ್ಮಾ ಇಲ್ಲದ ಅದೇ ಚಿಕಿತ್ಸೆ. ರೋಗ ಉಲ್ಬಣಿಸಿದವರು ಅಥವಾ ಸತ್ತವರು ಮೊದಲ ಗುಂಪಿನಲ್ಲಿ 44, ಎರಡನೆಯದರಲ್ಲಿ 41. ಅಂದರೆ ವ್ಯತ್ಯಾಸವೇ ಇಲ್ಲ. ಈ ಫಲಿತಾಂಶ 2020ರ ಸೆಪ್ಟೆಂಬರ್ ಎರಡನೆಯ ವಾರದಲ್ಲೇ ಹೊರಬಂದಿತ್ತು. ನನ್ನ ಶಿಷ್ಯನಿಗೆ ನಾನು ಫೋನ್ ಮಾಡಿದ್ದು ಅದೇ ತಿಂಗಳ ಕೊನೆಯಲ್ಲಿ.

ನಾನು ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದೆ. ಓದಿಯೂ ಫೋನ್ ಮಾಡಿದೆ. ನಾಗಮಂಗಲದಲ್ಲಿದ್ದಾಗ ಎರಡು ಕುಂಡಗಳಲ್ಲಿ ಹೆಸರುಕಾಳು ಬಿತ್ತಿಸಿ, ಒಂದನ್ನು ಬಿಸಿಲಿನಲ್ಲಿಟ್ಟು ಇನ್ನೊಂದನ್ನು ಬೀರುವಿನೊಳಗಿಟ್ಟು, "ಹೋಲಿಸದೆ ಏನನ್ನೂ ನಂಬಬಾರದು" ಎಂದು ಮಕ್ಕಳಿಗೆ ಕಲಿಸಿದವನು ನಾನೇ. ಅಕ್ಕನ ಮುಖ ನೋಡಿದಾಗ ಆ ಎರಡು ಕುಂಡಗಳು ನೆನಪಿಗೆ ಬರಲಿಲ್ಲ. ಅಂದು ಸುಮ್ಮನೆ ಕೈಕಟ್ಟಿ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಆದರೆ ಶಿಷ್ಯನಿಗೆ "ಇದರಿಂದ ಗುಣವಾಗುತ್ತದೆಂಬ ಭರವಸೆಯಿಲ್ಲಪ್ಪಾ" ಎಂಬ ಒಂದು ಮಾತನ್ನು ಮೊದಲೇ ಹೇಳಬಹುದಾಗಿತ್ತು. ಹೇಳಲಿಲ್ಲ. ಅದೇ ನನ್ನ ತಪ್ಪು.

ಮುಂದೆ ಬ್ರಿಟನ್ನಿನಲ್ಲಿ 11,558 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲೂ ಪ್ಲಾಸ್ಮಾ ಪಡೆದವರಲ್ಲಿ ಸತ್ತವರು ನೂರಕ್ಕೆ 24, ಪಡೆಯದವರಲ್ಲೂ 24. 2021ರ ಮೇ 17ರಂದು ನಮ್ಮ ರಾಷ್ಟ್ರೀಯ ಚಿಕಿತ್ಸಾ ಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಡಲಾಯಿತು. ಕಾರಣ ಈಗಾಗಲೇ ನಿಮಗೆ ಹೊಳೆದಿರಬೇಕು. ರೋಗಿ ಆಸ್ಪತ್ರೆಯಲ್ಲಿ ಏದುಸಿರು ಬಿಡುವ ಹೊತ್ತಿಗೆ ಕೋಟೆಯ ಗೋಡೆ ಮುರಿದು ಆಗಿರುತ್ತದೆ. ಹೆಚ್ಚಿನವರಲ್ಲಿ ಅಷ್ಟರೊಳಗೆ ಅವರದೇ ಪ್ರತಿಕಾಯಗಳೂ ಹುಟ್ಟಿರುತ್ತವೆ. ಆ ಹಂತದಲ್ಲಿ ಶ್ವಾಸಕೋಶವನ್ನು ಸುಡುವುದು ವೈರಸ್ಸಿಗಿಂತ ಹೆಚ್ಚಾಗಿ ರೋಗಿಯದೇ ನಿರೋಧಕ ಕೋಶಗಳು ಹಚ್ಚಿದ ಬೆಂಕಿ. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಹಳೆಯ ಸ್ಟೀರಾಯ್ಡ್ ಆ ಬೆಂಕಿಯನ್ನು ತಗ್ಗಿಸಿ, ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೆಯ ಒಂದು ಭಾಗದಷ್ಟು ಇಳಿಸಿತೆಂದು 2020ರ ಜೂನ್‌ನಲ್ಲಿ ತಿಳಿದುಬಂತು. ನನ್ನ ಅಳಿಯನಿಗೂ ಅದನ್ನು ಕೊಟ್ಟಿದ್ದರು. ಯಾವ ಔಷಧವೂ ಎಲ್ಲರನ್ನೂ ಉಳಿಸುವುದಿಲ್ಲ.

ದ್ರವ ಸೋತಲ್ಲಿ ಕೋಶಗಳು ಗೆದ್ದವೇ ಎಂದು ನೀವು ಕೇಳಬಹುದು. ಕೋಶಚಿಕಿತ್ಸೆಗಳು ಎರಡು ವಿರುದ್ಧ ದಿಕ್ಕಿನಿಂದ ಬಂದವು. ಒಂದು, ವೈರಸ್ಸನ್ನು ಕೊಲ್ಲುವ ಪಡೆ. ಗುಣವಾದವರಿಂದ ಪಡೆದ ಸ್ಮೃತಿ ಟಿ ಕೋಶಗಳನ್ನು ಸ್ಪೇನ್, ಸಿಂಗಪುರ ಮೊದಲಾದೆಡೆ ಪ್ರಯತ್ನಿಸಿದರು; ಹುಟ್ಟುಗುಣದಿಂದಲೇ ಸೋಂಕಿತ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳನ್ನೂ ಪರೀಕ್ಷೆಗೆ ಒಡ್ಡಿದರು. ಇನ್ನೊಂದು, ಬೆಂಕಿ ಆರಿಸುವ ಪಡೆ. ನಿರೋಧಕ ವ್ಯವಸ್ಥೆಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳು ಇದರಲ್ಲಿ ಮುಖ್ಯವಾದವು; ಅವುಗಳ ಶೋಧಕ್ಕೆ ಜಪಾನಿನ ಸಕಾಗುಚಿ ಮತ್ತು ಅಮೆರಿಕದ ಇಬ್ಬರಿಗೆ 2025ರ ನೊಬೆಲ್ ದೊರೆಯಿತು. ನಿರೋಧಕ ಕೋಶಗಳಲ್ಲದಿದ್ದರೂ ಅವನ್ನು ಶಾಂತಗೊಳಿಸಬಲ್ಲ ಮಜ್ಜೆಯ ಮೆಸೆಂಕೈಮಲ್ ಕೋಶಗಳೂ ಈ ಸಾಲಿಗೇ ಸೇರುತ್ತವೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ 2020ರಲ್ಲಿ ಇಂಥ ಕೋಶಗಳನ್ನು ಕೊರೋನಾ ರೋಗಿಗಳಲ್ಲಿ ಪರೀಕ್ಷಿಸಲು ಅನುಮತಿ ಪಡೆಯಿತು. ಅಮೆರಿಕದಲ್ಲಿ ಇದೇ ಬಗೆಯ ಕೋಶಗಳ ದೊಡ್ಡ ಪರೀಕ್ಷೆಯೊಂದಕ್ಕೆ ಆ ವರ್ಷದ ಡಿಸೆಂಬರ್‌ನಲ್ಲಿ, 223 ಮಂದಿ ಸೇರಿದ ಹೊತ್ತಿಗೆ, ಹೊಸಬರ ಸೇರ್ಪಡೆಯನ್ನು ನಿಲ್ಲಿಸಬೇಕಾಯಿತು. ಸಾವನ್ನು ತಗ್ಗಿಸುವ ಗುರಿ ಮುಟ್ಟಲಾಗದೆಂದು ನಡುವಿನ ಲೆಕ್ಕ ಹೇಳಿತು.

ಬೇರೆಡೆಯೂ ಸಿಹಿಕಹಿ ಎರಡೂ ಇವೆ. ಮೊದಲೇ ಬೆಳೆಸಿ ಶೀತಲಪೆಟ್ಟಿಗೆಯಲ್ಲಿಟ್ಟ ಬೇರೆಯವರ ಟಿ ಕೋಶಗಳಿಂದ, ಎಪ್‌ಸ್ಟೀನ್-ಬಾರ್ ವೈರಸ್ಸಿನಿಂದ ಕಸಿಯ ಬಳಿಕ ಬರುವ ಒಂದು ರೋಗಕ್ಕೆ ತಯಾರಿಸಿದ ಔಷಧವನ್ನು ಯೂರೋಪ್ 2022ರ ಡಿಸೆಂಬರ್‌ನಲ್ಲಿ ಒಪ್ಪಿತು. ಆರು ವೈರಸ್‌ಗಳಿಗೆ ಒಟ್ಟಿಗೇ ಸಿದ್ಧಪಡಿಸಿದ್ದ ಇನ್ನೊಂದು ಕೋಶೌಷಧದ ಅಂತಿಮ ಹಂತದ ಪರೀಕ್ಷೆಗಳು 2023ರ ಡಿಸೆಂಬರ್‌ನಲ್ಲಿ ವಿಫಲವೆಂದು ನಿಂತವು. ನಮ್ಮ ದೇಶದಲ್ಲೂ ಟಿ ಕೋಶಗಳನ್ನು ಮಾರ್ಪಡಿಸಿ ರಕ್ತದ ಕ್ಯಾನ್ಸರಿಗೆ ಕೊಡುವ ಕಾರ್-ಟಿ ಚಿಕಿತ್ಸೆ ಬಂದಿದೆ. ಮುಂಬಯಿಯ ಐಐಟಿ ಮತ್ತು ಟಾಟಾ ಆಸ್ಪತ್ರೆಯವರದು 2024ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯದು 2025ರ ಜನವರಿಯಲ್ಲಿ ಬಳಕೆಗೆ ಬಿಡುಗಡೆಯಾಯಿತು. ವಿದೇಶದ ಬೆಲೆಗಿಂತ ಎಷ್ಟೋ ಕಡಿಮೆಯಾದರೂ ಅದು ಹತ್ತಾರು ಲಕ್ಷ ರೂಪಾಯಿಗಳ ಬಾಬತ್ತು. ಶ್ವಾಸಕೋಶದ ವೈರಸ್ ಸೋಂಕಿಗೆ ಇಂಥ ಕೋಶಚಿಕಿತ್ಸೆ ಇನ್ನೂ ಸಾಮಾನ್ಯ ಬಳಕೆಗೆ ಬಂದಿಲ್ಲ. ಆದುದರಿಂದ ನಾಳೆ ಯಾರಾದರೂ ಕಾಂಡಕೋಶ, ಕೊಲ್ಲುವ ಕೋಶ ಎಂಬ ಹೆಸರು ಹೇಳಿ ನಿಮ್ಮ ಮನೆಯವರ ಕೈಗೆ ಚೀಟಿ ಕೊಟ್ಟರೆ, ಹೊಲ ಅಡವಿಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಇದನ್ನು ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿ ನೋಡಿದ್ದಾರೆಯೇ? ಪರೀಕ್ಷೆಯ ಭಾಗವಾಗಿ ಕೊಡುವುದಾದರೆ ರೋಗಿಯಿಂದ ಹಣ ಕೇಳಬಾರದೆಂಬುದನ್ನೂ ನೆನಪಿಡಿ.

ಈಗ ನನ್ನ ಶಿಷ್ಯನಿಗೆ.

ಮಗೂ, ನಿನ್ನ ರಕ್ತದಲ್ಲಿ ಕಸುವಿರಲಿಲ್ಲವೆಂಬುದು ಸುಳ್ಳು. ಅಂದು ಚೀಲದಲ್ಲಿ ಹೋದದ್ದು ನಿನ್ನ ರಕ್ತದ ದ್ರವಭಾಗ ಮಾತ್ರ. ಅದು ಬಾಗಿಲು ಕಾಯುವ ಕೆಲಸದ್ದು, ಬಾಗಿಲು ಮುರಿದ ಮೇಲೆ ತಲುಪಿತು. ಯಾರ ಪ್ಲಾಸ್ಮಾ ಆಗಿದ್ದರೂ ಹೆಚ್ಚು ಮಾಡಲಾಗುತ್ತಿರಲಿಲ್ಲವೆಂದು ಸಾವಿರಾರು ರೋಗಿಗಳ ಲೆಕ್ಕ ಹೇಳುತ್ತಿದೆ. ನಿನ್ನ ನಿಜವಾದ ಕಸುವು ನಿನ್ನಲ್ಲೇ ಉಳಿಯಿತು. ಸಿಂಗಪುರದ ವಿಜ್ಞಾನಿಗಳು 2003ರಲ್ಲಿ ಸಾರ್ಸ್ ರೋಗದಿಂದ ಗುಣವಾದ 23 ಮಂದಿಯ ರಕ್ತವನ್ನು ಹದಿನೇಳು ವರ್ಷಗಳ ಬಳಿಕ ನೋಡಿದಾಗ, ಆ ವೈರಸ್ಸನ್ನು ಗುರುತಿಸಬಲ್ಲ ಟಿ ಕೋಶಗಳು ಇನ್ನೂ ಇದ್ದವು. ನಿನ್ನಲ್ಲೂ ಅಂಥವು ಇರುತ್ತವೆ. ನಮ್ಮ ಅಜ್ಜಿಯ ಊರಿನಲ್ಲಾಗಿದ್ದರೆ ಜ್ವರ ಗೆದ್ದ ನಿನ್ನನ್ನು ಮುಂದೆ ಕರೆಯುತ್ತಿದ್ದರು. ನಮ್ಮ ಕಾಲದ ಊರು ನಿನ್ನನ್ನು ಜಗುಲಿಯಿಂದ ದೂರವಿಟ್ಟಿತು. ಹಾಗೆ ದೂರವಿಟ್ಟವರ ಪೈಕಿಯ ಒಬ್ಬನಿಗಾಗಿ ನೀನು ಬೈಕು ಕೇಳಿ ಪಡೆದು ಬಂದೆ. ನಮ್ಮ ಅಕ್ಕ ಈಗಲೂ ಅದನ್ನು ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ.

ಐದು ವರ್ಷ ತಡವಾಗಿ ಕೊಟ್ಟ ಉತ್ತರವಿದು. ತಡವಾದುದಕ್ಕೆ ಕ್ಷಮೆಯಿರಲಿ.

ನಿಮ್ಮ,
ಮೇಷ್ಟ್ರು
ಶ್ರೀರಂಗಪಟ್ಟಣ